ಮಳಿ ಹೆಂಗೈತಿ, ಮ್ಯಾಚ್ ಏನಾತು: ಕೊಪ್ಪಳ ಸೀಮೆಯ ಗುಂಪು ಹರಟೆಯ ಗುಣದೋಷ

ಕೊಪ್ಪಳ ಜಿಲ್ಲೆಯಲ್ಲಿ ಬೆಳಗಾದರೆ ಜನ ಬರೆಯುವ ಕನ್ನಡದ ಬಹುಪಾಲು ಪುಸ್ತಕಕ್ಕೂ ಹೋಗುವುದಿಲ್ಲ, ಪತ್ರಿಕೆಗೂ ಹೋಗುವುದಿಲ್ಲ. ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಗುತ್ತದೆ. ಬರೆದದ್ದನ್ನು ತೂಗಿ ನೋಡುವುದು ವಿಮರ್ಶೆಯ ಕೆಲಸವಾದರೆ ಇದನ್ನೇಕೆ ತಕ್ಕಡಿಗೆ ಹಾಕಬಾರದು? ಈ ಸೀಮೆಯಲ್ಲಿ ಹರಟೆ ಹಗುರ ಕಸುಬೇನಲ್ಲ. ಗಂಗಾವತಿ ಪ್ರಾಣೇಶ ಇಲ್ಲಿಯ ಆಡುಮಾತನ್ನೇ ವೇದಿಕೆ ಹತ್ತಿಸಿ, ಊರ ಹೆಸರನ್ನು ತಮ್ಮ ಹೆಸರಿನ ಮುಂದೆ ಕಟ್ಟಿಕೊಂಡು, ಕನ್ನಡಿಗರಿರುವಲ್ಲೆಲ್ಲ ನಗಿಸಿ ಬಂದವರು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೂ ಎರಡು ಸಲ ಈ ನೆಲಕ್ಕೆ ಬಂದಿದೆ: 1993ರಲ್ಲಿ ಸಿಂಪಿ ಲಿಂಗಣ್ಣನವರ ಅಧ್ಯಕ್ಷತೆಯಲ್ಲಿ ಕೊಪ್ಪಳಕ್ಕೆ, 2011ರಲ್ಲಿ ಸಿ.ಪಿ. ಕೃಷ್ಣಕುಮಾರರ ಅಧ್ಯಕ್ಷತೆಯಲ್ಲಿ ಗಂಗಾವತಿಗೆ. ಆಗ ಬರೆಯುವವರು ಬೇರೆ, ಕೂತು ಕೇಳುವವರು ಬೇರೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಸಸ್ತಾ ಆದದ್ದೇ ತಡ, ಶಾಲೆ ಬಿಟ್ಟ ಮೇಲೆ ಪೆನ್ನು ಮುಟ್ಟದಿದ್ದ ಟಂಟಂ ಡ್ರೈವರು, ಎಪಿಎಂಸಿ ಹಮಾಲ, ಕಿರಾಣಿ ಅಂಗಡಿಯವ ಎಲ್ಲರೂ ಬರೆಯತೊಡಗಿದರು. ಹತ್ತನೆಯ ತರಗತಿಯ ದೋಸ್ತರದೊಂದು ಗುಂಪು, ಓಣಿಯ ಟೆನಿಸ್ ಬಾಲ್ ಟೀಮಿನದೊಂದು, ಅಡತಿ ಅಂಗಡಿಯದೊಂದು, ಜಾತ್ರೆಯ ದಾಸೋಹದಲ್ಲಿ ಒಟ್ಟಿಗೆ ಮಿರ್ಚಿ ಕರಿದವರದೊಂದು.

ಇವುಗಳ ಬಗ್ಗೆ ಓದಿದವರಲ್ಲಿ ಒಂದು ತಾತ್ಸಾರವಿದೆ: ಬರೀ ಗುಡ್ ಮಾರ್ನಿಂಗ್ ಗುಲಾಬಿ, ಹುಟ್ಟುಹಬ್ಬದ ಕೇಕು, ಸುಳ್ಳು ಸುದ್ದಿ. ತಾತ್ಸಾರದಲ್ಲಿ ಅರ್ಧ ನಿಜವಿದೆ. ಉಳಿದರ್ಧ ನೋಡಬೇಕೆಂದರೆ ಜೂನ್ ತಿಂಗಳ ಒಂದು ಸಂಜೆ ಕುಷ್ಟಗಿ ಕಡೆಯ ಯಾವುದಾದರೂ ಗುಂಪನ್ನು ತೆರೆಯಬೇಕು. ‘ಮಳಿ ಹೆಂಗೈತಿ?’ ಎಂದು ಒಬ್ಬ ಕೇಳುತ್ತಾನೆ. ‘ನಮ್ಮ ಕಡೆ ಬರೇ ಗಾಳಿ ಮಾರಾಯಾ. ತಾವರಗೇರಾದಾಗ ಹದಾ ಆಗೇತಂತ.’ ‘ಹನುಮಸಾಗರಕ್ಕ ಹನಿ ಇಲ್ಲ.’ ‘ಯಲಬುರ್ಗಾ ರೋಡಿಗೆ ಹಳ್ಳ ಬಂದೈತಿ, ಬೈಕ್ ತರಬ್ಯಾಡ್ರಿ.’ ಹತ್ತು ನಿಮಿಷದಲ್ಲಿ ಎರಡು ತಾಲ್ಲೂಕಿನ ಮಳೆಯ ನಕ್ಷೆ ತಯಾರು. ಒಂದು ವಾಕ್ಯವೂ ಉದ್ದವಿಲ್ಲ, ಒಂದು ವಿಶೇಷಣವೂ ಪುಕ್ಕಟೆ ಬಂದಿಲ್ಲ. ‘ಹದಾ’ ಎಂಬ ಒಂದೇ ಮಾತಿನಲ್ಲಿ ಬಿತ್ತಲು ಬರುತ್ತದೋ ಇಲ್ಲವೋ ಎಂಬುದು ಇತ್ಯರ್ಥವಾಗಿದೆ. ನನ್ನ ಲೆಕ್ಕದಲ್ಲಿ ಇದು ಒಳ್ಳೆಯ ಗದ್ಯ.

ಗಂಗಾವತಿಯ ಗುಂಪುಗಳ ಚಿಂತೆ ಬೇರೆ. ಅಲ್ಲಿ ಮುಗಿಲಿಗಿಂತ ಕಾಲುವೆ ದೊಡ್ಡದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೇ, ಕೆಳಭಾಗದವರಿಗೆ ಮುಟ್ಟಿತೇ, 75 ಕೆ.ಜಿ. ಚೀಲದ ಸೋನಾ ಮಸೂರಿಗೆ ಇವತ್ತು ಮಿಲ್ಲಿನವರು ಎಷ್ಟು ಹೇಳಿದರು. ಮಾತಿನ ನಡುವೆ ತೆಲುಗು ಧಾರಾಳ. ಇನ್ನು ಯಲಬುರ್ಗಾ, ಕುಷ್ಟಗಿಯ ಗುಂಪುಗಳಲ್ಲಿ ಅರ್ಧದಷ್ಟು ಜನ ಊರಲ್ಲೇ ಇರುವುದಿಲ್ಲ. ಬೆಂಗಳೂರಿನ ಕಟ್ಟಡದ ಕೆಲಸ, ಮಂಗಳೂರು, ಗೋವಾ ಎಂದು ದುಡಿಯಲು ಹೋದವರು. ಅವರು ಸಂದೇಶ ಹಾಕುವುದು ರಾತ್ರಿ ಊಟದ ಹೊತ್ತಿಗೆ, ಅದೂ ವಾಯ್ಸ್ ಮೆಸೇಜು. ಹಿಂದೆ ಕಾಂಕ್ರೀಟ್ ಮಷಿನ್ನಿನ ಸದ್ದು, ಮುಂದೆ ‘ಯಪ್ಪಾ, ಎತ್ತಿನ ಕಾಲು ನೆಟ್ಟಗಾತ?’ ಎಂಬ ಪ್ರಶ್ನೆ. ಕುಷ್ಟಗಿಗೆ ಮೊದಲ ರೈಲು ಬಂದ 2025ರ ಮೇ 15ರಂದು ಆ ಗುಂಪುಗಳಿಗೆ ಬಂದ ಬೋಗಿಯ ಚಿತ್ರಗಳನ್ನು ಬಹಳ ಹೊತ್ತು ನೋಡಿದವರು ದೂರದಲ್ಲಿದ್ದವರೇ. ಹುಬ್ಬಳ್ಳಿಗೆ ಎಷ್ಟಕ್ಕೆ ಮುಟ್ಟುತ್ತದೆ, ಅಲ್ಲಿಂದ ಯಾವ ಗಾಡಿ ಸಿಗುತ್ತದೆ ಎಂಬುದೇ ಅವರ ವಿಚಾರಣೆ. ಭಾಷಣ ಯಾರು ಮಾಡಿದರೆಂದು ಕೇಳಿದವರಿಲ್ಲ.

ಈ ಬರವಣಿಗೆಯ ಗುಣದೋಷಕ್ಕೆ ಅಳತೆಗೋಲು ಯಾವುದು? ನನಗೆ ಅದು ಸಿಕ್ಕಿದ್ದು 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋದಾಗ. ಒಟ್ಟು 33 ಗೇಟುಗಳ ಅಣೆಕಟ್ಟು, 105.788 ಟಿಎಂಸಿ ಸಾಮರ್ಥ್ಯ, ಆ ಹೊತ್ತಿಗೆ ತುಂಬಿ ನಿಂತಿತ್ತು. ಅಂದು ರಾತ್ರಿ ಗುಂಪುಗಳಿಗೆ ಎರಡು ಜಾತಿಯ ಬರಹ ಬಂತು. ಒಂದು, ಅಣೆಕಟ್ಟಿನ ಪಕ್ಕದ ಮುನಿರಾಬಾದ್ ಸುತ್ತಲಿನವರದು: ‘ಒಂದ ಗೇಟ್ ಹೋಗೈತಿ, ಉಳದವು ಅದಾವ. ನದಿ ದಂಡ್ಯಾಗ ಯಾರೂ ಹೋಗಬ್ಯಾಡ್ರಿ.’ ಇನ್ನೊಂದು, ಎಲ್ಲಿಂದಲೋ ಹೊರಟು ಎಲ್ಲರಿಗೂ ಮುಟ್ಟಿದ್ದು: ‘ಸಾರ್ವಜನಿಕರ ಗಮನಕ್ಕೆ, ಅಣೆಕಟ್ಟು ಒಡೆಯುವ ಹಂತದಲ್ಲಿದೆ, ಕೂಡಲೇ ಸುರಕ್ಷಿತ ಸ್ಥಳಗಳಿಗೆ ತೆರಳಿ, ಎಲ್ಲರಿಗೂ ಶೇರ್ ಮಾಡಿ.’ ಎರಡರ ಕನ್ನಡ ನೋಡಿ. ಕಂಡವನು ತನ್ನ ಮಾತಿನಲ್ಲಿ ಬರೆದ. ಕಾಣದವನು ಆಫೀಸಿನ ಕನ್ನಡದಲ್ಲಿ ಬಂದದ್ದನ್ನು ದಾಟಿಸಿದ. ಅಂದಿನಿಂದ ನನ್ನ ಪರೀಕ್ಷೆ ಇದೇ. ‘ಐತಿ’, ‘ಅದಾವ’ ಎಂದು ಬಂದ ಸಂದೇಶವನ್ನು ಮೊದಲು ನಂಬುತ್ತೇನೆ. ‘ಕೂಡಲೇ’, ‘ತಪ್ಪದೇ’ ಎಂದು ಬಂದದ್ದನ್ನು ಬದಿಗಿಡುತ್ತೇನೆ. ಇದು ಸದಾ ಸರಿಯಾಗುತ್ತದೆಂದಲ್ಲ, ಆದರೆ ಬಹಳ ಸಲ ಕೈ ಕೊಟ್ಟಿಲ್ಲ.

ಮುಂದಿನ ಒಂದು ವಾರ ಗುಂಪುಗಳು ಮೇಲ್ಮಟ್ಟದಲ್ಲಿದ್ದವು. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು, ಕೊಚ್ಚಿಹೋದ ಗೇಟಿನ ಜಾಗಕ್ಕೆ ಕೂರಿಸುವ ಸ್ಟಾಪ್ ಲಾಗ್ ಎಂದರೇನು ಎಂದು ಗೊತ್ತಿಲ್ಲದವರೆಲ್ಲ ಅದರ ಉದ್ದ, ದಪ್ಪ, ತೂಕ ಚರ್ಚಿಸಿದರು. ಆಗಸ್ಟ್ 16ರಂದು ಹರಿಯುವ ನೀರಿನಲ್ಲೇ ಮೊದಲ ತುಂಡು ಕೂತಾಗ ಬಂದ ಚಪ್ಪಾಳೆಯ ಗುರುತುಗಳು ಕಪ್ ಗೆದ್ದ ದಿನಕ್ಕೇನೂ ಕಡಿಮೆ ಇರಲಿಲ್ಲ. ‘ಎರಡನೇ ಬೆಳಿ ಆಗ್ತೈತಾ?’ ಎಂಬ ಒಂದೇ ಹೆದರಿಕೆ ಎಲ್ಲರದಾದ್ದರಿಂದ ಪಕ್ಷ, ಜಾತಿ ಎಲ್ಲ ಆ ವಾರ ಪಕ್ಕಕ್ಕೆ ಸರಿದವು.

ಕಾರ್ಖಾನೆ ಧೂಳಿನ ವಿಷಯದಲ್ಲೂ ಹೀಗೆಯೇ ಆಯಿತು. ಕೊಪ್ಪಳದವರು ತಮ್ಮ ಮಾಳಿಗೆಯ ಮೇಲೆ ಕೈಯಾಡಿಸಿ ಕರ್ರಗಾದ ಅಂಗೈಯ ಚಿತ್ರ ಹಾಕಿದ್ದು ಯಾವ ಲೇಖನಕ್ಕಿಂತಲೂ ಹೆಚ್ಚು ಹೇಳಿತು. 2025ರ ಫೆಬ್ರುವರಿ 24ರಂದು ಉಕ್ಕಿನ ಕಾರ್ಖಾನೆ ವಿಸ್ತರಣೆಯ ವಿರುದ್ಧ ನಡೆದ ಕೊಪ್ಪಳ ಬಂದ್‌ಗೆ ಊರಿನ ಗವಿಮಠದ ಸ್ವಾಮೀಜಿಯವರೇ ಬಂದು ನಿಂತರು. ಅಷ್ಟು ಜನ ಕೂಡಿದ್ದರ ಹಿಂದೆ ಆ ಅಂಗೈ ಚಿತ್ರಗಳ ಪಾಲೂ ಇದೆ ಎಂಬುದು ನನ್ನ ಅಂದಾಜು.

ಕ್ರಿಕೆಟ್ಟಿನ ಮಾತಿಗೆ ಬರೋಣ. ಇಲ್ಲಿ ಅಳತೆಗೋಲು ಸ್ವಲ್ಪ ಬಳುಕುತ್ತದೆ. ಮ್ಯಾಚ್ ಎಲ್ಲರೂ ಕಂಡದ್ದೇ, ಆದರೆ ಪರದೆಯಲ್ಲಿ ಕಂಡದ್ದು; ಹೀಗಿದ್ದೂ ಗುಂಪಿನ ಹಾಸ್ಯ ಅತ್ಯಂತ ಚುರುಕಾಗುವುದು ಇಲ್ಲೇ. ಆರ್‌ಸಿಬಿ 2009, 2011, 2016ರ ಫೈನಲ್‌ಗಳಲ್ಲಿ ಸೋತು ನಮ್ಮವರಿಗೆ ಸೋಲನ್ನು ನಗುವಾಗಿ ತಿರುಗಿಸುವ ವಿದ್ಯೆ ಕಲಿಸಿತು. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆಗೆ ‘ಬಶಿ ಮೊನ್ನೇನ ಒಡದೈತಿ, ಕಪ್ ತಗೊಂಡ್ ಏನ್ ಮಾಡ್ತಿ’ ಎಂದು ಚಾದಂಗಡಿಯವನೊಬ್ಬ ಉತ್ತರ ಬರೆದದ್ದನ್ನು ನಾನು ಮರೆತಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನ ವಿರುದ್ಧ 6 ರನ್ನುಗಳಿಂದ ಕಪ್ ಬಂದೇ ಬಂತು. ವಿಚಿತ್ರವೆಂದರೆ ಆ ರಾತ್ರಿಯ ಬರಹ ಬಲು ಸಪ್ಪೆ: ಬೆಂಕಿಯ ಗುರುತು, ಕಿರೀಟದ ಗುರುತು, ಎಲ್ಲರೂ ಎಲ್ಲರಿಗೂ ಕಳಿಸಿದ ಅದೇ ವಿಡಿಯೊ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ನೂಕುನುಗ್ಗಲಿಗೆ 11 ಜನ ಸತ್ತರು. ಬೆಂಗಳೂರಲ್ಲಿ ದುಡಿಯುವ ಹುಡುಗರಿರುವ ಗುಂಪುಗಳಲ್ಲಿ ಆ ಸಂಜೆ ಹಾಸ್ಯವಿಲ್ಲ, ವಿಶ್ಲೇಷಣೆಯಿಲ್ಲ. ‘ಎಲ್ಲಿ ಅದಿಯಲೇ?’, ‘ರೂಮಿನ್ಯಾಗ’, ‘ಅಂವಾ ಫೋನ್ ಎತ್ತವಲ್ಲ’, ‘ಸಿಕ್ಕಾನ, ಅದಾನ.’ ಇಷ್ಟೇ.

ಒಂದು ತಕರಾರನ್ನು ಇಲ್ಲೇ ಹೇಳಿಬಿಡುತ್ತೇನೆ. ಆರ್‌ಸಿಬಿ ಹೆಸರಿಗೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು, 2024ರ ಮಾರ್ಚ್ 17ರಂದು. ನಾನು ನೋಡಿದ ಗುಂಪುಗಳಲ್ಲಿ ಅದು ಗಂಡಸರ ತಂಡವನ್ನು ಚುಚ್ಚಲು ಬಳಸಿದ ಒಂದು ಜೋಕಾಯಿತು, ಅಷ್ಟಕ್ಕೆ ಮುಗಿಯಿತು. ಗೆದ್ದವರ ಆಟದ ಬಗ್ಗೆ ಒಂದು ಸಾಲು ಬರಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಈ ಹರಟೆಯ ಗುಂಪುಗಳಲ್ಲಿ ಹೆಂಗಸರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅವರ ಗುಂಪುಗಳು ಬೇರೆ: ಸ್ವಸಹಾಯ ಸಂಘದ್ದು, ಅಂಗನವಾಡಿಯದು, ತವರುಮನೆಯದು. ಅಕ್ಕಂದಿರಿಗೂ ಆಟ ಗೊತ್ತು, ಓಟು ಗೊತ್ತು. ಅವರ ಹರಟೆ ನಮಗೆ ಕೇಳುವುದಿಲ್ಲ. ಹೀಗಾಗಿ ನಾನು ಮಾಡುತ್ತಿರುವ ಈ ವಿಮರ್ಶೆಯೂ ಅರ್ಧ ಊರಿನದು.

ಚುನಾವಣೆ ಬಂತೆಂದರೆ ಗುಂಪಿನ ಭಾಷೆಯೇ ಬದಲಾಗುತ್ತದೆ. ನಗುವುದಕ್ಕೆ ಸಾಮಗ್ರಿ ಕಡಿಮೆಯೇನಿಲ್ಲ. ಕುಷ್ಟಗಿಯಲ್ಲಿ ಗೆದ್ದ ಪಕ್ಷಕ್ಕೆ ಬೆಂಗಳೂರಿನ ಗಾದಿ ಸಿಗುವುದಿಲ್ಲ ಎಂಬುದು ಹಳೆಯ ನಂಬಿಕೆ. 2008ರಲ್ಲಿ ಇಲ್ಲಿ ಕಾಂಗ್ರೆಸ್ ಗೆದ್ದಿತು, ಸರ್ಕಾರ ಬಿಜೆಪಿಯದು. 2013ರಲ್ಲಿ ಬಿಜೆಪಿ ಗೆದ್ದಿತು, ಸರ್ಕಾರ ಕಾಂಗ್ರೆಸ್ಸಿನದು. 2023ರಲ್ಲಿ ಮತ್ತೆ ಹಾಗೇ. 2018ರಲ್ಲಿ ಇಲ್ಲಿ ಗೆದ್ದ ಕಾಂಗ್ರೆಸ್ ಜೆಡಿಎಸ್ ಜೊತೆ ಸೇರಿ 14 ತಿಂಗಳು ಆಳಿತಲ್ಲ ಎಂದರೆ, ‘ಅದು ಮುರದು ಬಿತ್ತಲ್ಲ, ಲೆಕ್ಕಕ್ಕಿಲ್ಲ’ ಎಂಬ ಉತ್ತರ ಸಿದ್ಧ. ಕ್ರಿಕೆಟ್ ಪಂಡಿತರ ದಾಖಲೆಯ ಲೆಕ್ಕ ರಾಜಕೀಯಕ್ಕೆ ದಾಟಿದ ಪರಿ ಇದು. ಗಂಗಾವತಿಯಲ್ಲಂತೂ ದಾಟುವ ಅಗತ್ಯವೇ ಬೀಳಲಿಲ್ಲ: 2023ರಲ್ಲಿ ಜನಾರ್ದನ ರೆಡ್ಡಿಯವರ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದ ಚಿಹ್ನೆಯೇ ಫುಟ್‌ಬಾಲ್. ರಾಜ್ಯದಲ್ಲೆಲ್ಲ ಆ ಪಕ್ಷ ಹೊಡೆದದ್ದು ಗಂಗಾವತಿಯ ಗೆಲುವೆಂಬ ಅದೊಂದೇ ಗೋಲು. 2024ರ ಮಾರ್ಚಿನಲ್ಲಿ ಪಕ್ಷವೇ ವಿಲೀನವಾಗಿ ಚೆಂಡು ಬಿಜೆಪಿಯ ಅಂಗಳಕ್ಕೆ ಹೋಯಿತು. ಆ ಒಂದು ವರ್ಷದಲ್ಲಿ ಗಂಗಾವತಿಯವರು ಬರೆದ ಚೇಷ್ಟೆಯ ಸಾಲುಗಳನ್ನು ಯಾರಾದರೂ ಕೂಡಿಟ್ಟಿದ್ದರೆ ಒಳ್ಳೆಯ ಹಾಸ್ಯ ಸಂಕಲನವಾಗುತ್ತಿತ್ತು.

ಆದರೆ ಚೇಷ್ಟೆ ಮುಗಿದು ಮಾತು ನಿಜಕ್ಕೂ ಚುನಾವಣೆಗೆ ಬಂದಾಗ ಗುಂಪು ಬಾಯಿ ಕಟ್ಟಿಕೊಳ್ಳುತ್ತದೆ, ಇಲ್ಲವೇ ಬೇರೆಯವರ ಬಾಯಲ್ಲಿ ಮಾತಾಡುತ್ತದೆ. ಮಳೆಯ ಬಗ್ಗೆ ತನ್ನ ಮಾತಿನಲ್ಲಿ ಬರೆದವನೇ ಮತದಾನದ ತಿಂಗಳು ದಿಲ್ಲಿ, ಬೆಂಗಳೂರಿನಲ್ಲಿ ತಯಾರಾದ ಪೋಸ್ಟರುಗಳನ್ನು ಸಾಲುಸಾಲಾಗಿ ದಾಟಿಸುತ್ತಾನೆ. ಸಾಲ ಮನ್ನಾ, ಗ್ಯಾರಂಟಿ, ದೇಶ, ಧರ್ಮ ಎಲ್ಲ ಬರುತ್ತವೆ. ‘ನಮ್ಮೂರ ಕೆರಿಗೆ ನೀರು ತುಂಬಸ್ತೀನಿ ಅಂದಿದ್ದ, ತುಂಬಿಸಿದ್ನಾ?’ ಎಂಬ ಸಾಲು ಬರುವುದಿಲ್ಲ. ಆ ಪ್ರಶ್ನೆ ಇರುವುದು ಚಾದಂಗಡಿಯಲ್ಲಿ, ಮಿರ್ಚಿ ಮಂಡಕ್ಕಿಯ ತಟ್ಟೆಯ ಮುಂದೆ. ಬರೆದು ಹಾಕಿದರೆ ಸ್ಕ್ರೀನ್‌ಶಾಟ್ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ನಾಳೆ ಅದೇ ಪಂಚಾಯಿತಿ ಸದಸ್ಯನ ಹತ್ತಿರ ಪಹಣಿ ತಿದ್ದುಪಡಿಗೆ, ಮನೆಯ ಮಂಜೂರಿಗೆ ಹೋಗಬೇಕು.

ಇದರಲ್ಲಿ ಅಡ್ಮಿನ್ನುಗಳ ಪಾತ್ರ ದೊಡ್ಡದು. ಅಡ್ಮಿನ್ ಮಾತ್ರ ಬರೆಯಬಹುದು ಎಂಬ ಬೀಗವನ್ನು ವಾಟ್ಸ್ಆ್ಯಪ್ ಕೊಟ್ಟದ್ದು 2018ರಲ್ಲಿ. ಅದೇ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸುಳ್ಳು ಸಂದೇಶ ಹಬ್ಬಿ, ಹೈದರಾಬಾದಿನ ಇಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಬಂಧಿತರಲ್ಲಿ ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್ನೂ ಇದ್ದರು. ಆ ಹೆದರಿಕೆ ಕಲ್ಯಾಣ ಕರ್ನಾಟಕದ ಅಡ್ಮಿನ್ನುಗಳಲ್ಲಿ ಇನ್ನೂ ಇದೆ, ಇರಬೇಕಾದದ್ದೇ. ಆದರೆ ಸದಸ್ಯ ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟು, 2022ರಲ್ಲಿ ಕೇರಳ ಹೈಕೋರ್ಟು ಹೇಳಿವೆ. ತೀರ್ಪು ನಮ್ಮ ಗುಂಪುಗಳಿಗೆ ಮುಟ್ಟಲಿಲ್ಲ. ‘ಅಡ್ಮಿನ್‌ಗೆ ಜೈಲು’ ಎಂಬ ಫಾರ್ವರ್ಡು ಮಾತ್ರ ಪ್ರತಿ ಚುನಾವಣೆಗೆ ತಪ್ಪದೆ ಮುಟ್ಟುತ್ತದೆ. ಪರಿಣಾಮ, ನೀತಿಸಂಹಿತೆ ಬಂದ ದಿನವೇ ಗುಂಪಿಗೆ ಬೀಗ. ಎರಡು ತಿಂಗಳು ಮಳೆ, ರೇಟು, ಸಾವು, ಸೀಮಂತ ಎಲ್ಲದಕ್ಕೂ ಬೀಗ. ಜನ ಮಾತಾಡಲೇಬೇಕಾದ ಎರಡು ತಿಂಗಳು ಇಂಥ ಹರಟೆಗೆ ರಜೆ ಕೊಡುವುದು ಜಾಣತನವಲ್ಲ, ಪುಕ್ಕಲುತನ. ಸುಳ್ಳು ಹಾಕಿದವನನ್ನು ಹೊರಗೆ ಕಳಿಸಿ. ಮಿಕ್ಕವರ ಬಾಯಿ ಯಾಕೆ ಹೊಲಿಯಬೇಕು?

ಒಪ್ಪಬೇಕಾದ ಒಂದು ಗುಣವೂ ಇಲ್ಲಿದೆ. ಮಹಾನಗರದ ಗುಂಪುಗಳಲ್ಲಿ ಬೈದವನು ಯಾರೋ, ಬೈಸಿಕೊಂಡವನು ಯಾರೋ. ಇಲ್ಲಿ ರಾತ್ರಿ ಜಗಳಾಡಿದವರು ಬೆಳಗ್ಗೆ ಒಂದೇ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ಹಾಗಾಗಿ ಬೈಗುಳಕ್ಕೆ ಒಂದು ಲಗಾಮು. ‘ಕಾಕಾ, ನೀವು ಹಿರ್ಯಾರು, ಇದು ಸುಳ್ಳೈತ್ರಿ’ ಎಂದು ಹುಡುಗನೊಬ್ಬ ಬರೆದಾಗ ಕಾಕಾ ಸಿಟ್ಟಾಗುತ್ತಾರೆ, ಗುಂಪು ಬಿಟ್ಟು ಹೋಗುತ್ತಾರೆ, ಸಂಜೆಗೆ ಯಾರೋ ಮತ್ತೆ ಸೇರಿಸುತ್ತಾರೆ. ಆ ಮಟ್ಟಿಗೆ ಇದು ಕಟ್ಟೆಯೇ.

ಕೊನೆಗೆ ಒಂದು ಲೋಪವನ್ನು ಹೆಸರಿಟ್ಟು ಹೇಳಬೇಕು. ಕುಷ್ಟಗಿಯ ಕುಡಿಯುವ ನೀರು, ಯಲಬುರ್ಗಾದ ಹಳ್ಳಿ ರಸ್ತೆ, ಶಾಲೆಯ ಸೋರುವ ಮಾಳಿಗೆ ಇವೆಲ್ಲ ದಿನವೂ ಗುಂಪಿಗೆ ಬರುವ ಚಿತ್ರಗಳು. ಇವುಗಳ ಹೊಣೆ ಹೊರುವುದಕ್ಕೆಂದೇ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿವೆ. ಅವಕ್ಕೆ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆ ಕುರ್ಚಿಗಳಲ್ಲಿ ಆರಿಸಿ ಬಂದವರು ಯಾರೂ ಕೂರಲಿಲ್ಲ. ಅಮೆರಿಕದ ಅಧ್ಯಕ್ಷರ ಚುನಾವಣೆಯ ಎಣಿಕೆಯನ್ನು ಬೆಳಗಿನ ಜಾವಕ್ಕೆದ್ದು ನೋಡಿ ಬರೆದ ಗೆಳೆಯರಿದ್ದಾರೆ. ತಮ್ಮ ಕ್ಷೇತ್ರದ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರಿದ್ದರು, ಈಗ ಯಾಕಿಲ್ಲ ಎಂದು ಕೇಳಿದ ಒಂದು ಸಂದೇಶವನ್ನೂ ನಾನು ಈ ಗುಂಪುಗಳಲ್ಲಿ ಓದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ದೋಸ್ತರೇ, ಇವತ್ತು ರಾತ್ರಿ ಮ್ಯಾಚ್ ಮುಗಿದ ಮೇಲೆ ಯಾರಾದರೊಬ್ಬರು ಅದನ್ನು ಬರೆದು ಹಾಕಿ. ನಿಮ್ಮ ಮಾತಿನಲ್ಲೇ ಬರೆಯಿರಿ.