ಟ್ಯೂಡರ್ ಹಾರ್ಟರ ‘ವಿಲೋಮ ಶುಶ್ರೂಷಾ ನಿಯಮ’: ಒಂದು ವಿಮರ್ಶೆ

ವೇಲ್ಸಿನ ಗ್ಲಿನ್‌ಕೊರೂಗ್ ಎಂಬ ಗಣಿಹಳ್ಳಿಯಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟರು 1971ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಆರೋಗ್ಯದ ಅಸಮತೆಯನ್ನು ಕುರಿತ ಚರ್ಚೆಗಳಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಎಲ್ಲಿ ವೈದ್ಯಸಹಾಯದ ಅಗತ್ಯ ಹೆಚ್ಚೋ ಅಲ್ಲಿ ಉತ್ತಮ ಸಹಾಯ ದೊರೆಯುವುದು ಕಡಮೆ. ವೈದ್ಯವೃತ್ತಿಯು ಮಾರುಕಟ್ಟೆಗೆ ವಶವಾದಷ್ಟೂ ಈ ವೈಪರೀತ್ಯ ಬಲಿಯುತ್ತದೆ. ಇದು ಅವರ ಪ್ರತಿಪಾದನೆಯ ಸಾರ.

ಇದನ್ನು ‘ನಿಯಮ’ವೆಂದು ಕರೆದುದು ಉಚಿತವೇ? ಇದು ಭೌತವಿಜ್ಞಾನದ ನಿಯಮಗಳಂತೆ ಅಪವಾದರಹಿತವಾದುದಲ್ಲ. ಲೇಖಕರೂ ಇದನ್ನು ಒಂದು ಪ್ರವೃತ್ತಿಯೆಂದೇ ನಿರೂಪಿಸಿದ್ದಾರೆ. ಮನುಷ್ಯರು ಮಾಡಿದ ಏರ್ಪಾಡನ್ನು ಮನುಷ್ಯರೇ ತಿದ್ದಬಹುದು. ‘ನಿಯಮ’ವೆಂಬ ಮಾತು ಆ ಹೊಣೆಯನ್ನು ಮರೆಸುವ ಸಂಭವವುಂಟು.

ಇನ್ನೊಂದು ಆಕ್ಷೇಪವುಂಟು. ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯು 1948ರಲ್ಲಿ ಆರಂಭವಾಯಿತು. ಆದರೂ ಅಲ್ಲಿನ ಕುಶಲರಲ್ಲದ ಕಾರ್ಮಿಕರ ಮರಣಪ್ರಮಾಣವು ಉನ್ನತ ವೃತ್ತಿಯವರ ಪ್ರಮಾಣದ ಸುಮಾರು ಎರಡರಷ್ಟಿದೆಯೆಂದು 1980ರ ಬ್ಲ್ಯಾಕ್ ವರದಿ ತೋರಿಸಿತು. ಹಾಗಾದರೆ ವೈದ್ಯಸಹಾಯದ ಹಂಚಿಕೆ ಗೌಣವಲ್ಲವೇ ಎಂದು ಕೇಳಬಹುದು. ಈ ಆಕ್ಷೇಪ ಹಾರ್ಟರಿಗೆ ತಗಲದು. ಸಾವುನೋವುಗಳು ಮುಖ್ಯವಾಗಿ ಆಹಾರ, ವಸತಿ, ದುಡಿಮೆ, ಶಿಕ್ಷಣಗಳನ್ನು ಅವಲಂಬಿಸಿವೆಯೆಂದು ಅವರು 1971ರಲ್ಲಿಯೇ ಒಪ್ಪಿದ್ದರು. ಅವರು ಒಪ್ಪದಿದ್ದುದು, ಆ ಕಾರಣದಿಂದ ವೈದ್ಯನು ಕೈಕಟ್ಟಿ ಕೂರಬಹುದೆಂಬ ಮಾತನ್ನು.

ಲೇಖನದ ನಿಜವಾದ ಕೊರತೆ ಬೇರೊಂದಿದೆ. ‘ಅಗತ್ಯ’ವನ್ನು ಅಳೆಯುವ ಬಗೆ ಯಾವುದು? ಲೇಖಕರು ಬಹುಮಟ್ಟಿಗೆ ಮರಣದ ಅಂಕಿಗಳನ್ನು ಆಧರಿಸುತ್ತಾರೆ. ಆದರೆ ಆ ಅಂಕಿಗಳು ಅಗತ್ಯವನ್ನು ತಿಳಿಸುವ ವೇಳೆಗೆ ರೋಗಿಯೇ ಇರುವುದಿಲ್ಲ. ಜನರ ಹೇಳಿಕೆಯನ್ನಾದರೂ ನಂಬೋಣವೆಂದರೆ ಅದೂ ಸುಲಭವಲ್ಲ. ಬಿಹಾರಕ್ಕಿಂತ ದೀರ್ಘಾಯುಷ್ಯವುಳ್ಳ ಕೇರಳದಲ್ಲಿಯೇ ಕಾಯಿಲೆ ಹೇಳಿಕೊಳ್ಳುವವರು ಹೆಚ್ಚೆಂಬುದನ್ನು ಅಮರ್ತ್ಯ ಸೇನರು 2002ರಲ್ಲಿ ಎತ್ತಿ ತೋರಿಸಿದರು. ವಿದ್ಯೆಯೂ ವೈದ್ಯರೂ ಇಲ್ಲದೆಡೆ ನೋವು ಬದುಕಿನ ಸಹಜ ಅಂಗವಾಗಿ ತೋರುತ್ತದೆ. ಅದು ಯಾವ ದಾಖಲೆಗೂ ಸೇರದು.

ಈ ಪ್ರಶ್ನೆಗೆ ಉತ್ತರ ಹಾರ್ಟರ ಲೇಖನದಲ್ಲಿಲ್ಲ, ಅವರ ವೃತ್ತಿಯಲ್ಲಿದೆ. ಬಂದವರನ್ನಷ್ಟೇ ನೋಡದೆ, ಬಾರದವರನ್ನೂ ಅರಸಿ, ತಮ್ಮ ಹಳ್ಳಿಯ ವಯಸ್ಕರೆಲ್ಲರ ರಕ್ತದೊತ್ತಡವನ್ನು ಅಳೆಯಲು ಅವರು ಕೈಹಾಕಿದರು. ಇಂಥ ಪ್ರಯತ್ನವಿಲ್ಲದ ನೆರೆಯ ಹಳ್ಳಿಗಿಂತ ಅಲ್ಲಿ ಮರಣಪ್ರಮಾಣವು ಕಡಮೆಯಿತ್ತೆಂದು 1991ರ ಅವರ ವರದಿ ಹೇಳುತ್ತದೆ. ಎರಡು ಸಣ್ಣ ಹಳ್ಳಿಗಳ ಹೋಲಿಕೆ ಅಂತಿಮ ಪ್ರಮಾಣವಾಗಲಾರದು. ಆದರೂ ಮಾರ್ಗ ಸ್ಪಷ್ಟವಾಗಿದೆ.

ಆದುದರಿಂದ ಆಸ್ಪತ್ರೆಯ ಹಾಜರಿ ಪುಸ್ತಕವನ್ನು ಮಾತ್ರ ನೆಚ್ಚಿದ ಸಂಶೋಧನೆಯು, ತಾನು ಖಂಡಿಸಹೊರಟ ಅನ್ಯಾಯವನ್ನೇ ತನ್ನ ಎಣಿಕೆಯಲ್ಲಿ ಮತ್ತೊಮ್ಮೆ ಎಸಗುತ್ತದೆ. ಬಾಗಿಲಿಗೆ ಬಾರದವನ ಲೆಕ್ಕವಿಡುವುದೇ ಈ ಶಾಸ್ತ್ರದ ಮೊದಲ ಕರ್ತವ್ಯ.