ದ್ವಿವರ್ಧಕ ಯೋಜನೆಯಲ್ಲಿ ಔಚಿತ್ಯವಿಚಾರ

ಕಾವ್ಯವು ಕಣ್ಣಿಗಿಂತ ಮೊದಲು ಕಿವಿಗೆ ಸೇರಿದುದೆಂಬುದನ್ನು ಶಿವಮೊಗ್ಗೆಯ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ತುಂಗೆಯ ತಡಿಯ ಹೊಸಹಳ್ಳಿಯು ಗಮಕಕ್ಕೆ ಹೆಸರಾದ ಊರು, ಅಲ್ಲಿಯ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯು ಈ ಸೀಮೆಯ ಮನೆಗಳಿಗೆ ಕೇಳುವ ಸಂಸ್ಕಾರವನ್ನು ಕೊಟ್ಟಿತು. ಇಂತಿರಲು, ರಾಗಿಗುಡ್ಡದ ಮನೆಯೊಂದರಲ್ಲಿ ಹಳೆಯ ಸ್ಟೀರಿಯೋ ಸ್ಪೀಕರುಗಳ ಜೋಡಿಯನ್ನಿಟ್ಟುಕೊಂಡು ಗಮಕದ ಮುದ್ರಿಕೆಗಳನ್ನು ಕೇಳಬಯಸುವ ಅಧ್ಯಾಪಕನಿಗೆ ಯಾವ ಆಂಪ್ಲಿಫಯರು ಯೋಗ್ಯವೆಂಬ ಪ್ರಶ್ನೆಯು ಸಾಹಿತ್ಯಕ್ಕೆ ಹೊರಗಿನದಲ್ಲ.

ಮಂದ್ರಕ್ಕೆ ಹೃದಯ, ಮಧ್ಯಕ್ಕೆ ಕಂಠ, ತಾರಕ್ಕೆ ಶಿರಸ್ಸು ಸ್ಥಾನವೆಂದೂ, ಒಂದಕ್ಕಿಂತ ಮುಂದಿನದು ಇಮ್ಮಡಿಯೆಂದೂ ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ವಿಂಗಡಿಸಿದನು. ಸ್ಪೀಕರಿನ ಪೆಟ್ಟಿಗೆಯೊಳಗೂ ಇಂತಹುದೇ ಸ್ಥಾನಭೇದವುಂಟು. ತಗ್ಗಿನ ನಾದಕ್ಕೆ ವೂಫರು, ಮೇಲಿನದಕ್ಕೆ ಟ್ವೀಟರು. ನಡುವೆ ನಾದವನ್ನು ಹಂಚುವ ಕ್ರಾಸೋವರು. ಸ್ಥಾನಗಳು ಎರಡಾದುದರಿಂದ ಆಂಪ್ಲಿಫಯರುಗಳೂ ಎರಡಿರಲಿ, ಅದರಿಂದ ಬಲವು ಇಮ್ಮಡಿಸುವುದೆಂಬುದು ಪೂರ್ವಪಕ್ಷ.

ಈ ವಾದವು ಎರಡು ಭಿನ್ನ ವಿಧಾನಗಳನ್ನು ಒಂದಾಗಿ ಬೆರೆಸುತ್ತದೆ. ಒಳಗಿನ ಕ್ರಾಸೋವರನ್ನು ಉಳಿಸಿಕೊಂಡು ಅದರ ಎರಡು ಭಾಗಗಳಿಗೆ ಎರಡು ಆಂಪ್ಲಿಫಯರುಗಳನ್ನು ಜೋಡಿಸುವುದು ಒಂದು. ಇಲ್ಲಿ ಎರಡೂ ಪೂರ್ಣನಾದವನ್ನೇ ವರ್ಧಿಸುತ್ತವೆ, ಆಂಪ್ಲಿಫಯರಿನ ವೋಲ್ಟೇಜಿನ ಮಿತಿಯು ಎಲ್ಲಿತ್ತೋ ಅಲ್ಲಿಯೇ ನಿಲ್ಲುತ್ತದೆ, ಲಾಭವು ಅಲ್ಪ. ಆಂಪ್ಲಿಫಯರಿಗೆ ಮೊದಲೇ ನಾದವನ್ನು ವಿಭಜಿಸಿ ಒಳಗಿನ ಕ್ರಾಸೋವರನ್ನು ತೆಗೆದುಹಾಕುವುದು ಇನ್ನೊಂದು. ಇಲ್ಲಿ ಲಾಭವು ನಿಜ. ಆದರೆ ಮೂಲ ನಿರ್ಮಾತನು ತನ್ನ ಸ್ಪೀಕರಿಗೆ ಹೊಂದಿಸಿ ಕಟ್ಟಿದ್ದ ತಿದ್ದುಪಡಿಯೂ ಅದರೊಡನೆ ಹೋಗುವುದು. ಅಳೆದು ಪುನಃ ಹೊಂದಿಸಬಲ್ಲವನಿಗೆ ಮಾತ್ರ ಈ ದಾರಿ. ಟ್ವೀಟರು ನೇರವಾಗಿ ಆಂಪ್ಲಿಫಯರಿಗೆ ತಗಲುವುದರಿಂದ ಅದರ ರಕ್ಷಣೆಗೆ ಒಂದು ಕೆಪಾಸಿಟರಂತೂ ಬೇಕು.

ಆಯ್ಕೆಯಲ್ಲಿ ಜನರು ಮೊದಲು ನೋಡುವುದು ವ್ಯಾಟುಗಳನ್ನು. ಮೊದಲ ವಿಧಾನದಲ್ಲಿ ಮೊದಲು ನೋಡಬೇಕಾದುದು ವರ್ಧನೆಯ ಪ್ರಮಾಣವನ್ನು. ವರ್ಧನೆ ಸಮವಾಗಿದ್ದರೆ 25 ವ್ಯಾಟಿನದೂ 100 ವ್ಯಾಟಿನದೂ ತಮ್ಮ ಮಿತಿಯೊಳಗೆ ಒಂದೇ ಎತ್ತರದಲ್ಲಿ ನುಡಿಯುತ್ತವೆ. ವರ್ಧನೆಯಲ್ಲಿ 3 ಡೆಸಿಬೆಲ್ ಅಂತರವಿದ್ದರೆ ಒಂದು ಸ್ಥಾನಕ್ಕೆ ಇಮ್ಮಡಿ ಶಕ್ತಿ ಹರಿದು, ಗಮಕಿಯ ಕಂಠವೇ ಬೇರೊಂದಾಗುವುದು. ಮೇಲಿನ ಸ್ಥಾನಕ್ಕೆ ವಾಲ್ವಿನದನ್ನೂ, ವೂಫರಿನ ಚಲನೆಯನ್ನು ಬಿಗಿಹಿಡಿಯಬಲ್ಲ ಟ್ರಾನ್ಸಿಸ್ಟರಿನದನ್ನು ಕೆಳಗಿನದಕ್ಕೂ ಇಡುವವರುಂಟು. ವರ್ಧನೆಯನ್ನು ಸಮಗೊಳಿಸದಿದ್ದರೆ ಆ ಜೋಡಣೆ ಕೇವಲ ಅಲಂಕಾರ. ಹಳೆಯ ಸ್ಪೀಕರು 4 ಓಮಿನದಾದರೆ ಆ ಭಾರವನ್ನು ಹೊರುವ ಆಂಪ್ಲಿಫಯರೇ ಬೇಕು. ಹಿಂಬದಿಯಲ್ಲಿ ಎರಡು ಸ್ಥಾನಗಳನ್ನು ಕೂಡಿಸುವ ಲೋಹದ ಪಟ್ಟಿಯನ್ನು ಮರೆತು ಬಿಟ್ಟರೆ ಎರಡು ಆಂಪ್ಲಿಫಯರುಗಳು ಒಂದನ್ನೊಂದು ಸುಡುವ ಅಪಾಯವಿದೆ.

ಇಷ್ಟು ವಿಚಾರವೇಕೆಂದರೆ, ಷಟ್ಪದಿಯ ಪ್ರಾಸವು ಪಾದದ ಎರಡನೆಯ ಅಕ್ಷರದ ವ್ಯಂಜನದಲ್ಲಿ ನಿಂತಿದೆ. ಸ್ವರದ ಬಲವು ಬಹುಮಟ್ಟಿಗೆ ತಗ್ಗಿನ ನಾದದಲ್ಲಿ. ವ್ಯಂಜನಗಳ ಗುರುತು, ಅದರಲ್ಲಿಯೂ ಸಕಾರದ ಸೀತ್ಕಾರ, ಮೇಲಿನ ನಾದದಲ್ಲಿ. ಟ್ವೀಟರು ಕುಂದಿದರೆ ರಾಗವು ಕೇಳುವುದು, ಕಾವ್ಯವು ಮಸಕಾಗುವುದು. ಅದು ಮೆರೆದರೆ ಕಿವಿ ದಣಿದು ಕೇಳುವವನು ಎದ್ದುಹೋಗುವನು.

ಮೂಲದಲ್ಲಿಯೇ ಇಲ್ಲದುದನ್ನು ಯಾವ ಆಂಪ್ಲಿಫಯರೂ ತರಲಾರದು. ಮಧ್ಯಮತರಂಗದ ಪ್ರಸಾರದಲ್ಲಿ ಕೇಂದ್ರಗಳಿಗಿರುವ ಅಂತರವು 9 ಕಿಲೋಹರ್ಟ್ಸ್; ಸಾಮಾನ್ಯ ರೇಡಿಯೋದಲ್ಲಿ ಸುಮಾರು 4.5 ಕಿಲೋಹರ್ಟ್ಸಿನ ಮೇಲಿನ ನಾದವು ಕೇಳಿಸುವುದೇ ಕಡಮೆ. ಅಂತಹ ಪ್ರಸಾರದಿಂದ ಹಿಡಿದ ಟೇಪಿಗೆ ಮೇಲಿನ ಸ್ಥಾನದಲ್ಲಿ ಬೆಲೆಯುಳ್ಳ ಆಂಪ್ಲಿಫಯರನ್ನಿಡುವುದು ಬರಿದಾದ ಕೆರೆಗೆ ಹೊಸ ತೂಬನ್ನಿಟ್ಟಂತೆ.

ಆದುದರಿಂದ ಸಿದ್ಧಾಂತವಿದು: ಮೊದಲು ಒಣಗಿದ ಕೆಪಾಸಿಟರುಗಳೂ ವೂಫರಿನ ಅಂಚಿನ ಸವೆದ ಫೋಮೂ ದುರಸ್ತಿಯಾಗಲಿ, ಬಳಿಕ ಒಂದು ಒಳ್ಳೆಯ ಆಂಪ್ಲಿಫಯರು ಸಾಕೇ ಎಂದು ಕಿವಿಯಿಂದ ಪರೀಕ್ಷೆಯಾಗಲಿ, ಸಾಲದೆ ಹೋದರೆ ಒಂದೇ ಜಾತಿಯ ಎರಡನ್ನು ಕೊಳ್ಳಲಿ. ಔಚಿತ್ಯವೇ ಕಾವ್ಯಕ್ಕೆ ಪ್ರಾಣವೆಂದು ಬಗೆದ ಕ್ಷೇಮೇಂದ್ರನ ವಿವೇಕವು ಯಂತ್ರಕ್ಕೂ ಸಲ್ಲುತ್ತದೆ. ಆಂಪ್ಲಿಫಯರುಗಳು ಎರಡಾದರೂ ಕೇಳುವವನಿಗೆ ಗಮಕಿಯು ಒಬ್ಬನೇ ಆಗಿರಬೇಕು.