ಅರವತ್ತೈದು ದಾಟುವ ಗಂಡಸರೆಷ್ಟು?

‘ಭಾರತದಲ್ಲಿ ಗಂಡಸರ ಸರಾಸರಿ ಆಯುಸ್ಸು 68 ವರ್ಷ. ಆದ್ದರಿಂದ ಅರವತ್ತಕ್ಕೆ ನಿವೃತ್ತನಾದವನಿಗೆ ಉಳಿಯುವುದು ಎಂಟೇ ವರ್ಷ.’ ಇಂಥ ವಾಕ್ಯವನ್ನು ನೀವು ಪತ್ರಿಕೆಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಓದಿರಬಹುದು. ಮೊದಲ ಭಾಗ ಸರಿ. ಮಾದರಿ ನೋಂದಣಿ ವ್ಯವಸ್ಥೆಯ 2014-18ರ ಕೋಷ್ಟಕದಲ್ಲಿ ಗಂಡಸರ ನಿರೀಕ್ಷಿತ ಆಯುಸ್ಸು 68.2, ಹೆಂಗಸರದು 70.7 ವರ್ಷ. ಎರಡನೆಯ ಭಾಗ ಮಾತ್ರ ಪೂರ್ತಿ ತಪ್ಪು.

ಒಂದು ಸಣ್ಣ ಲೆಕ್ಕ ಮಾಡಿ. ಹತ್ತು ಗಂಡುಮಕ್ಕಳು ಹುಟ್ಟಿದರೆನ್ನಿ. ಒಂದು ಮಗು ಹುಟ್ಟಿದೊಡನೆ ತೀರಿತು, ಒಬ್ಬ ಮೂವತ್ತರಲ್ಲಿ ಸತ್ತ, ಉಳಿದ ಎಂಟು ಜನ ಎಪ್ಪತ್ತೈದರವರೆಗೆ ಬದುಕಿದರು. ಒಟ್ಟು 630 ವರ್ಷ, ಸರಾಸರಿ 63. ಆದರೆ 63ರಲ್ಲಿ ಸತ್ತವರು ಒಬ್ಬರೂ ಇಲ್ಲ! ಅರವತ್ತು ಮುಟ್ಟಿದವನಿಗೆ ಮೂರಲ್ಲ, ಹದಿನೈದು ವರ್ಷ ಬಾಕಿ ಇದೆ. ನಮ್ಮ ದೇಶದ ಕೋಷ್ಟಕಗಳಲ್ಲೂ ಅರವತ್ತರ ಗಂಡಸಿಗೆ ಇನ್ನೂ ಸುಮಾರು ಹದಿನೇಳು ವರ್ಷ ಸಿಗುತ್ತದೆ. ಪಿಂಚಣಿಗೆ ಎಷ್ಟು ಹಣ ಎತ್ತಿಡಬೇಕೆಂಬುದು ಇಂಥ ಅಂಕಿಯನ್ನೇ ಅವಲಂಬಿಸಿದೆ. ಎಂಟಕ್ಕೂ ಹದಿನೇಳಕ್ಕೂ ಇರುವ ಅಂತರ ಸಣ್ಣದಲ್ಲ.

ಹಾಗಾಗಿ ‘65ರವರೆಗೆ ಉಳಿಯುವವರ ಪ್ರಮಾಣ’ ಎಂಬ ಅಳತೆ ಹೆಚ್ಚು ಸ್ಪಷ್ಟ. ಮೇಲಿನ ಲೆಕ್ಕದಲ್ಲಿ ಅದು ಶೇ. 80. ವಿಶ್ವಬ್ಯಾಂಕು ಇದನ್ನು ದೇಶವಾರು ಪ್ರಕಟಿಸುತ್ತದೆ. ಆದರೆ ಇದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಇದು ಇಂದಿನ ವಯೋವಾರು ಮರಣದರಗಳನ್ನು ಜೋಡಿಸಿ ಕಟ್ಟಿದ ಕಾಲ್ಪನಿಕ ತಂಡದ ಲೆಕ್ಕ. ಹಿಡಕಲ್ಲಿನಲ್ಲಿ ಈಗ 65ರ ಆಸುಪಾಸಿನಲ್ಲಿರುವವರು ಹುಟ್ಟಿದ್ದು 1960ರ ಸುಮಾರಿಗೆ. ಅವರ ಓರಗೆಯ ಎಷ್ಟೋ ಕೂಸುಗಳು ತೊಟ್ಟಿಲಲ್ಲೇ ಹೋದವು. ಇಂದು ಹುಟ್ಟುವ ಕೂಸಿನ ಪಾಡು ಬೇರೆ.

ಜನಸಂಖ್ಯೆ ಚಿಕ್ಕದಾದರೆ ತೊಡಕು ಇನ್ನೂ ಹೆಚ್ಚು. ಪೆಸಿಫಿಕ್ ಸಾಗರದ ನೌರು ದ್ವೀಪದಲ್ಲಿ ಸುಮಾರು 12 ಸಾವಿರ ಜನ. ಸಕ್ಕರೆ ಕಾಯಿಲೆ ಅಲ್ಲಿ ವಿಪರೀತ. ಅಲ್ಲಿನ ಗಂಡಸರು ಬೇಗ ಸಾಯುತ್ತಾರೆಂಬುದು ನಿಜವಾದರೂ ಒಂದು ವರ್ಷದ ಏರಿಳಿತಕ್ಕೆ ಅರ್ಥ ಹುಡುಕಬಾರದು. ವರ್ಷಕ್ಕೆ 16 ಸಾವು ನಿರೀಕ್ಷಿತವಾಗಿದ್ದಲ್ಲಿ 12ರಿಂದ 20ರವರೆಗಿನ ಏರುಪೇರು ಬರೀ ಆಕಸ್ಮಿಕದಿಂದಲೇ ಬರಬಹುದು (16ರ ವರ್ಗಮೂಲ 4). ನಮ್ಮ ಹಳ್ಳಿಗಳಿಗೂ ಇದೇ ಮಾತು.

ಇನ್ನು ಶಾಲೆಯ ಪ್ರಾಜೆಕ್ಟುಗಳು. ಮಕ್ಕಳು ಓಣಿಯಲ್ಲಿ ಅಜ್ಜಂದಿರನ್ನೂ ಅಜ್ಜಿಯರನ್ನೂ ಎಣಿಸಿ, ‘ಹೆಂಗಸರೇ ಹೆಚ್ಚು ಬದುಕುತ್ತಾರೆ’ ಎಂದು ಬರೆದು ತರುತ್ತಾರೆ. ತೀರ್ಮಾನ ಸರಿಯಿದ್ದರೂ ದಾರಿ ತಪ್ಪು. ದುಡಿಯಲು ಊರು ಬಿಟ್ಟು ಹೋದ ಗಂಡಸರು ಸತ್ತವರಲ್ಲ. 1951-61ರ ದಶಕದಲ್ಲಂತೂ ಲೆಕ್ಕ ತಿರುವುಮುರುವಾಗಿತ್ತು: ಗಂಡಸರಿಗೆ 41.9, ಹೆಂಗಸರಿಗೆ 40.6 ವರ್ಷ. ಹೆಂಗಸರು ಮುಂದಾದದ್ದು 1980ರ ದಶಕದಲ್ಲಿ. ಹೆಂಗಸರ ಆಯುಸ್ಸು ಹೆಚ್ಚೆಂಬುದನ್ನು ಬರೀ ಪ್ರಕೃತಿನಿಯಮವೆಂದು ಪಾಠ ಮಾಡುವವರು ಇದನ್ನು ಗಮನಿಸಬೇಕು.

ವಯಸ್ಸಿನದೇ ಇನ್ನೊಂದು ಫಜೀತಿ. ಕೇಳಿದವರೆಲ್ಲ 60, 65, 70 ಎಂದೇ ಹೇಳುತ್ತಾರೆ. ದಾಖಲೆಯಲ್ಲಿ ಅರ್ಧ ಊರಿನ ಜನ್ಮದಿನ ಜೂನ್ 1! ಜನನ-ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಆದ್ದರಿಂದ ನಿಮ್ಮ ವಿದ್ಯಾರ್ಥಿಗಳು ‘ವಯಸ್ಸೆಷ್ಟು?’ ಎಂದು ಕೇಳುವ ಬದಲು 1967ರ ಡಿಸೆಂಬರಿನ ಕೊಯ್ನಾ ಭೂಕಂಪವನ್ನೋ 1972ರ ಬರಗಾಲವನ್ನೋ ನೆನಪಿಸಲಿ: ‘ಅಜ್ಜಾ, ಭೂಮಿ ನಡುಗಿದಾಗ ನೀವು ಸಾಲಿಗೆ ಹೊಕ್ಕಿದ್ರೇನ್ರಿ, ಲಗ್ನ ಆಗಿತ್ತೇನ್ರಿ?’